ಎರಡನೇ ಮಹಡಿಯಲ್ಲಿ ಬೀಗರ ಚಹಾ

ಹೊಟ್ಟೆ ತುಂಬಿದಾಗ ಮುಕಾಶನ ನಾಲಿಗೆಗೆ ಕಾವಲು ಬೇಕು ಎಂಬುದನ್ನು ಅವನ ಹೆಂಡತಿ ಸೊನುನ್ ಮದುವೆಯಾದ ಮೊದಲ ವಾರದಲ್ಲೇ ಕಂಡುಕೊಂಡಿದ್ದಳು. ಇಪ್ಪತ್ತಾರು ವರ್ಷ ಆ ಕಾವಲನ್ನು ನಿಷ್ಠೆಯಿಂದ ಕಾದುಕೊಂಡೂ ಬಂದಿದ್ದಳು. ಮಗಳಿಗೆ ಓಲೆ ತೊಡಿಸಿದ ದಿನ ಮಾತ್ರ, ಬೀಗರ ಊಟದ ಗಲಾಟೆಯಲ್ಲಿ, ಅರ್ಧ ಗಂಟೆ ಅಡುಗೆಮನೆಯಲ್ಲಿ ಸಿಕ್ಕಿಕೊಂಡಳು. ಅಷ್ಟೇ ಸಾಕಾಯಿತು.

ಗಂಡಿನ ಕಡೆಯವರು ಬಂದು ಹುಡುಗಿಯ ಕಿವಿಗೆ ಓಲೆ ಹಾಕಿದರೆ ನಮ್ಮಲ್ಲಿ ಸಂಬಂಧ ಗಟ್ಟಿಯಾದಂತೆ. ಅಂದು ಗಂಡಿನ ತಂದೆ ದೂಶೆನ್ ಅಟ್‌ಬಾಶಿಯ ಬೆಟ್ಟಗಳಿಂದಿಳಿದು ತೊಕ್ಮೊಕ್ ಪಟ್ಟಣಕ್ಕೆ ಬಂದು, ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಐದು ದಿಂಬುಗಳ ನಡುವೆ ಕುಳಿತಿದ್ದರು. ಮುನ್ನೂರು ಕುದುರೆಗಳ ಒಡೆಯರು. ಬಿಳಿ ಉಣ್ಣೆಯ ಉದ್ದ ಟೋಪಿ, ಅದಕ್ಕಿಂತ ಬಿಳಿಯ ಗಡ್ಡ. ಆಡಿದ ಮಾತಿಗೆ ತಪ್ಪಿದವರಲ್ಲ, ತಪ್ಪಿದವರ ಮನೆಯಲ್ಲಿ ನೀರು ಮುಟ್ಟಿದವರೂ ಅಲ್ಲ. ಬೆಳಿಗ್ಗೆ ಬರುತ್ತೇವೆಂದ ಬೀಗರು ಮಧ್ಯಾಹ್ನ ಬಂದರೆಂದು ಹಿರಿಯ ಮಗಳ ಸಂಬಂಧವನ್ನೇ ಮುರಿದಿದ್ದರಂತೆ. ಮುಕಾಶನ ಮಗಳು ಬೆಗಾಯಿಮ್‌ಗೂ ಅವರ ಮಗ ಉಲಾನ್‌ಗೂ ಎರಡು ವರ್ಷದಿಂದ ಮನಸ್ಸು ಸೇರಿತ್ತು. ಈ ಮುದುಕರು ಒಪ್ಪಲೆಂದು ಇಬ್ಬರೂ ಜೀವ ಕೈಯಲ್ಲಿ ಹಿಡಿದು ಕಾದಿದ್ದರು.

ಮುದುಕರು ಒಪ್ಪಿದ್ದರು. ಓಲೆಯೂ ಆಗಿತ್ತು. ಕುದುರೆ ಮಾಂಸ ಮುಗಿದು, ಹುಳಿ ಬಂದ ಕುದುರೆಹಾಲು ಮೂರನೇ ಸುತ್ತು ಬರುತ್ತಿತ್ತು. ಆಗ ಸುಮ್ಮನಿದ್ದಿದ್ದರೆ ಮುಕಾಶನ ಗಂಟೇನೂ ಹೋಗುತ್ತಿರಲಿಲ್ಲ.

"ಪೇಟೆ ಅಂದ್ರೆ ನಂಗಾಗಲ್ಲ ಬೀಗರೇ," ಎಂದರು ದೂಶೆನ್. "ಪೇಟೆಗೆ ಬರೋ ದಿನ ಬೆಳಿಗ್ಗೆಯಿಂದ ಒಂದು ಬಟ್ಟಲು ಚಹಾನೂ ಕುಡಿಯಲ್ಲ ನಾನು. ಕುಡಿದು ಆಮೇಲೆ ಎಲ್ಲಿಗೆ ಹೋಗ್ಲಿ? ನಿಮ್ಮ ಬಜಾರಿನ ಟಾಯ್ಲೆಟ್ಟು ಒಂದ್ಸಲ ನೋಡಿದೀನಿ. ನನ್ನ ಕುದುರೆ ಒಳಗೆ ಬರಲ್ಲ ಅಂತು."

"ಕುದುರೇನ ಯಾಕೆ ಕರ್ಕೊಂಡು ಹೋದ್ರಿ?"

"ಹೊರಗೆ ಕಟ್ಟೋಕೆ ಗೂಟ ಇರಲಿಲ್ಲ."

ಎಲ್ಲರೂ ತಲೆದೂಗಿದರು. ಕುದುರೆಯ ಬುದ್ಧಿಯನ್ನು ಹೊಗಳಿದರು. ಪಟ್ಟಣವನ್ನು ಕುದುರೆಯ ಮುಂದೆ ಕೀಳುಮಾಡಿದ್ದು ಮುಕಾಶನಿಗೆ ನಾಟಿತು. ಅವನೇನು ಸಾಮಾನ್ಯನೇ? ಕಟ್ಟಡದ ಬೀಗದಕೈ ಇಟ್ಟುಕೊಂಡವನನ್ನು ನಮ್ಮಲ್ಲಿ ಕಮಾಂಡೆಂಟ್ ಎನ್ನುತ್ತಾರೆ. ಮುಕಾಶ್ 'ನೀಲಿ ಪಾರಿವಾಳ' ವ್ಯಾಪಾರ ಭವನದ ಕಮಾಂಡೆಂಟ್. ಅವನ ಅಧೀನದಲ್ಲಿ ಸೈನ್ಯವಿರಲಿಲ್ಲ ನಿಜ. ಮೂರು ಮಹಡಿ, ಎಂಬತ್ತು ಅಂಗಡಿ, ಕೆಟ್ಟು ನಿಂತ ಒಂದು ಲಿಫ್ಟು, ಮತ್ತು ಇಡೀ ಕಟ್ಟಡಕ್ಕೆಲ್ಲ ಸೇರಿ ಎರಡನೇ ಮಹಡಿಯ ಮೂಲೆಯಲ್ಲಿ ಒಂದು ಶೌಚಾಲಯ ಇದ್ದವು.

"ನಮ್ಮ ನೀಲಿ ಪಾರಿವಾಳದ ಟಾಯ್ಲೆಟ್ಟು ನೀವು ನೋಡಿಲ್ಲ!" ಎಂದ ಮುಕಾಶ್. "ನಾನೇ ಖುದ್ದು ನಿಂತು ಮಾಡಿಸೋದು. ಅಲ್ಲಿ ಬಟ್ಟೆ ಹಾಸಿ ಕೂತು ಚಹಾ ಕುಡೀಬಹುದು ಬೀಗರೇ, ಚಹಾ!"

ದೂಶೆನ್ ಬಟ್ಟಲು ಕೆಳಗಿಟ್ಟರು.

"ಕುಡೀಬಹುದಾ?"

"ಏನು ಹಾಗಂದ್ರೆ! ಕುಡೀಬಹುದು!"

"ಬೀಗರು ಬಾಯ್ತುಂಬ ಕರೆದ ಮೇಲೆ ಒಲ್ಲೆ ಅನ್ನೋ ಪದ್ಧತಿ ನಮ್ಮ ವಂಶದಲ್ಲಿಲ್ಲ," ಎಂದು ದೂಶೆನ್ ಎರಡೂ ಅಂಗೈ ಎತ್ತಿದರು. "ಈ ವಾರ ಬಿಟ್ಟು ಮುಂದಿನ ಗುರುವಾರ ಮದುವೆ ಬಟ್ಟೆಗೆ ಪೇಟೆಗೆ ಬರ್ತೀವಿ. ಏಳು ಜನ. ಮೊದಲ ಚಹಾ ನಿಮ್ಮ ಟಾಯ್ಲೆಟ್ಟಲ್ಲೇ. ದಾರಿ ಸುಗಮವಾಗಲಿ, ಸಂಬಂಧ ಗಟ್ಟಿಯಾಗಲಿ. ಓಮಿನ್!"

"ಓಮಿನ್!" ಎಂದು ಮೂವತ್ತು ಜನ ಮುಖ ಸವರಿಕೊಂಡರು. ಹಿರಿಯರು ಹರಸಿ ಓಮಿನ್, ಎಂದರೆ ತಥಾಸ್ತು, ಅಂದ ಮಾತನ್ನು ನಮ್ಮಲ್ಲಿ ಸಾವು ಬಂದರೂ ಹಿಂತೆಗೆಯುವಂತಿಲ್ಲ. ಮುಕಾಶ್ ಬಾಯಿ ತೆರೆದು 'ಬೇಡ' ಎನ್ನುವಷ್ಟರಲ್ಲಿ ಐವತ್ತು ವರ್ಷದ ಅಭ್ಯಾಸದಿಂದ ಅವನ ಕೈಗಳು ತಾವಾಗಿಯೇ ಎದ್ದು ಮುಖ ಸವರಿ ಮುಗಿಸಿದ್ದವು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೇ ಬೆಳಿಗ್ಗೆ ವಿಷಯ ತಿಳಿದಾಗ ಸೊನುನ್ ತೊಳೆಯುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತಳು.

"ಸುಮ್ನೆ ಮಾತಿಗೆ ಹೇಳಿದ್ದು ಅಂತ ಫೋನ್ ಮಾಡ್ರೀ."

"ಓಮಿನ್ ಆಗೋಯ್ತಲ್ಲೇ."

"ನೀವೂ ಮುಖ ಸವರ್ಕೊಂಡ್ರಾ?"

"ಕೈ ತಾನಾಗೇ ಹೋಯ್ತು."

"ಬಾಯಿ ತಾನಾಗೇ ಹೋಗತ್ತೆ, ಕೈ ತಾನಾಗೇ ಹೋಗತ್ತೆ. ಈ ಮೈಯಲ್ಲಿ ನಿಮ್ಮ ಮಾತು ಕೇಳೋದು ಅಂತ ಏನಾದ್ರೂ ಇದೆಯಾ?"

ಮೂರನೇ ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಬೆಗಾಯಿಮ್ ಹೊಸ ಓಲೆಗಳನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು, ಆಗಲೇ ಯಾರೋ ಬಿಚ್ಚಲು ಬಂದಂತೆ. "ಅಪ್ಪಾ, ಆ ಟಾಯ್ಲೆಟ್ಟಿಗೆ ನಾನು ಮೂರು ವರ್ಷದಿಂದ ಕಾಲಿಟ್ಟಿಲ್ಲ. ಪಕ್ಕದ ಬ್ಯಾಂಕಿನದ್ದಕ್ಕೆ ಹೋಗ್ತೀನಿ."

"ನೀನೂನಾ?" ಎಂದುಬಿಟ್ಟ ಕಮಾಂಡೆಂಟ್.

ಮುಕಾಶ್ ತನ್ನ ಶೌಚಾಲಯವನ್ನು ನಿರ್ಲಕ್ಷಿಸಿದ್ದ ಎಂದರೆ ಅನ್ಯಾಯವಾದೀತು. ಶುಚಿತ್ವಕ್ಕಾಗಿ ಅವನು ನಿರಂತರ ದುಡಿದಿದ್ದ, ಆದರೆ ಲೇಖನಿಯಿಂದ. ಗೋಡೆಯ ಮೇಲೆ ಇಪ್ಪತ್ತಮೂರು ಸೂಚನೆಗಳಿದ್ದವು. 'ಗೌರವಾನ್ವಿತ ನಾಗರಿಕರೇ, ಬೂಟು ಹಾಕಿಕೊಂಡು ಕಮೋಡು ಹತ್ತಬೇಡಿ.' ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ, 'ಬಿಚ್ಚಿ ಹತ್ತಬಹುದೇ?' 'ಕಾಗದ ಒಳಗೆ ಹಾಕಬೇಡಿ.' 'ಹೊರಗೂ ಹಾಕಬೇಡಿ.' 'ಈ ಸೂಚನೆಯನ್ನು ಹರಿಯಬೇಡಿ' ಎಂಬ ಸೂಚನೆ ಅರ್ಧ ಹರಿದಿತ್ತು. ಅಲ್ಲಿ ಬೇರೆ ಕಾಗದವೇ ಇರಲಿಲ್ಲವಾದ್ದರಿಂದ ಉಳಿದರ್ಧ ಏನಾಯಿತೆಂದು ವಿಚಾರಿಸುವುದು ಸಭ್ಯತೆಯಲ್ಲ.

ಅಲ್ಲಿ ನೆಲ ತೊಳೆಯುತ್ತಿದ್ದವಳು ಬುರುಲ್. ಹಿರಿಯಳಾದ್ದರಿಂದ ಎಲ್ಲರಿಗೂ ಬುರುಲ್ ಎಜೆ, ಎಂದರೆ ಬುರುಲಕ್ಕ. ಮೂವತ್ತು ವರ್ಷ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದ ಗಟ್ಟಿ ಹೆಂಗಸು. ಮುಕಾಶ್ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಬಂದು, ಬಂದ ಕಾರಣ ಹೇಳಿದಾಗ ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು.

"ಚಹಾ," ಎಂದಳು.

"ಹೂಂ ಎಜೆ."

"ಇಲ್ಲಿ."

"ಹೂಂ."

"ನಿಂಗೆ ಜ್ವರ ಏನಾದ್ರೂ ಇದೆಯಾ ಮುಕಾಶ್?"

"ನೀವು ಮನಸ್ಸು ಮಾಡಿದ್ರೆ ಆಗತ್ತೆ ಎಜೆ. ನನ್ನ ಮಗಳ ಜೀವನ ನಿಮ್ಮ ಕೈಲಿದೆ."

"ನನ್ನ ಕೈಲಿರೋದು ಈ ಒಂದು ಹರಕಲು ಮಾಪು. ಎರಡು ವರ್ಷದಿಂದ ಬಾಯಿ ಬಡ್ಕೊಳ್ತಿದೀನಿ. ಬಿಸಿನೀರಿಗೆ ಗೀಸರ್ ಕೊಡು ಅಂದೆ, ಸೂಚನೆ ಅಂಟಿಸಿದೆ. ನೆಲದ ಮೋರಿ ಕಟ್ಕೊಂಡಿದೆ, ಬಿಡಿಸು ಅಂದೆ, ಸೂಚನೆ ಅಂಟಿಸಿದೆ. ಕಮೋಡಿಗೊಂದು ಮಾಪು, ನೆಲಕ್ಕೊಂದು ಮಾಪು ಬೇಕು ಅಂದೆ. ಒಂದೇ ಮಾಪಲ್ಲಿ ಒರೆಸೋದು ಅಂದ್ರೆ ಒರೆಸೋದಲ್ಲ ಕಣೋ, ಹೊಲಸನ್ನ ಅಲ್ಲಿಂದ ಎತ್ತಿ ಇಲ್ಲಿಗೆ ಪ್ರವಾಸ ಕರ್ಕೊಂಡು ಬರೋದು. ಅದಕ್ಕೂ ಸೂಚನೆ ಅಂಟಿಸಿದೆ. ಈ ಊರಿನ ಅರ್ಧ ಜನ ನಾನು ತೊಳೆದ ನೆಲದ ಮೇಲೇ ಹುಟ್ಟಿದ್ದು. ನೀನೂ ಅಲ್ಲೇ ಹುಟ್ಟಿದ್ದು. ಆಗ ಒಂದು ಸೂಚನೇನೂ ಇರಲಿಲ್ಲ."

"ಎಲ್ಲಾ ಕೊಡ್ತೀನಿ ಎಜೆ."

"ಸೋಪು?"

"ಕೊಡ್ತೀನಿ."

"ಮೊದಲು ನಿನ್ನ ಈ ಸಾಹಿತ್ಯ ಎಲ್ಲ ಕಿತ್ತು ಹಾಕು."

ಅದು ಮಾತ್ರ ಮುಕಾಶನ ಕರುಳಿಗೆ ಕತ್ತರಿ ಹಾಕಿದಂತಾಯಿತು. ಆದರೂ ಒಂದೊಂದಾಗಿ ಕಿತ್ತ. ಹದಿನೆಂಟನೆಯದು, 'ದುರ್ವಾಸನೆಯನ್ನು ತಡೆಗಟ್ಟಲು ಸಹಕರಿಸಿ' ಎಂಬ ದೊಡ್ಡ ರಟ್ಟಿನ ಫಲಕ. ಅದನ್ನು ಕಿತ್ತೊಡನೆ ಗೋಡೆಯಿಂದ ತಣ್ಣನೆ ಗಾಳಿ ಮುಖಕ್ಕೆ ರಾಚಿತು. ಅದರ ಹಿಂದೆ ಗಾಳಿಕಿಂಡಿ ಇತ್ತು. ನಾಲ್ಕು ವರ್ಷದಿಂದ ಮುಚ್ಚಿಕೊಂಡಿತ್ತು.

ಬುರುಲ್ ಎಜೆ ಬಕೆಟ್ಟಿನ ಮೇಲೆ ಕುಳಿತೇ ಅವನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು ಎಂದು ಮುಕಾಶನಿಗೆ ಅನಿಸಿತು.

ಗೀಸರನ್ನು ಕೊಳ್ಳುವ ಅಗತ್ಯವೂ ಬೀಳಲಿಲ್ಲ. ಮಾಲೀಕರು ಹೋದ ವರ್ಷವೇ ಕಳಿಸಿದ್ದ ಹೊಸ ಗೀಸರು ಮುಕಾಶನ ಉಗ್ರಾಣದಲ್ಲಿ ಪೆಟ್ಟಿಗೆಯೊಳಗೇ ಇತ್ತು. ಹೊಸದಲ್ಲವೇ, ಬಳಸಿದರೆ ಹಾಳಾಗುತ್ತದೆ ಎಂದು ಅವನೇ ಜೋಪಾನ ಮಾಡಿಟ್ಟಿದ್ದ.

ಮುಂದಿನ ನಾಲ್ಕು ದಿನ ಬುರುಲ್ ಎಜೆ ಯುದ್ಧಕ್ಕಿಳಿದಳು. ಮೋರಿಯಿಂದ ಒಂದು ಮೊಬೈಲು, ಎರಡು ಬಾಚಣಿಗೆ, ದಂತವೈದ್ಯ ಕುರ್ಮಾನ್ ಬಹಳ ದಿನದಿಂದ ಹುಡುಕುತ್ತಿದ್ದ ಒಂದು ಸಾಲು ಹಲ್ಲು ಹೊರಬಂದವು. ಬ್ಲೀಚಿಂಗ್ ನೀರು ಬಳಿದು, ಬಾಗಿಲಲ್ಲಿ ಕುರ್ಚಿ ಹಾಕಿ ಕೂತು, ಗಡಿಯಾರ ನೋಡಿ ಹತ್ತು ನಿಮಿಷ ಕಾಯುತ್ತಿದ್ದಳು. "ಬಳಿದ ತಕ್ಷಣ ತೊಳೆದ್ರೆ ಕ್ರಿಮಿಗಳಿಗೆ ಸ್ನಾನ ಮಾಡಿಸಿದ ಹಾಗೆ, ಅಷ್ಟೇ," ಎನ್ನುತ್ತಿದ್ದಳು. ಮೊದಲು ನಲ್ಲಿ, ಬಾಗಿಲ ಹಿಡಿ, ಚಿಲಕ. ಆಮೇಲೆ ಗೋಡೆ. ಕೊನೆಗೆ ಕಮೋಡು. ಕೆಂಪು ಕಟ್ಟಿನ ಮಾಪು ಕಮೋಡಿನ ಕಡೆಗೆ, ನೀಲಿ ಕಟ್ಟಿನದು ಹೊರಗಿನ ನೆಲಕ್ಕೆ. ನಾಲ್ಕನೇ ದಿನ ಕಂದು ಬಣ್ಣವೆಂದು ಎಲ್ಲರೂ ತಿಳಿದಿದ್ದ ಟೈಲ್ಸು ಬಿಳಿಯದೆಂದು ಗೊತ್ತಾಯಿತು.

ಕಟ್ಟಡದಲ್ಲಿ ಕೋಲಾಹಲವೆದ್ದಿತು. ಕಾರಣ ಸೋಪು.

"ಸೋಪಿದೆಯಂತೆ," ಎಂದ ದಂತವೈದ್ಯ ಕುರ್ಮಾನ್.

"ಹೋಗ್ರೀ, ಸುಳ್ಳು," ಎಂದಳು ಮದುವೆ ಉಡುಪಿನ ಅಂಗಡಿಯ ಝೈನಪ್.

"ನಾನೇ ಮುಟ್ಟಿ ನೋಡಿದೆ. ಒದ್ದೆಯಾಗಿತ್ತು."

"ಹಾಗಾದ್ರೆ ಯಾರೋ ಮಂತ್ರಿ ಬರ್ತಿದ್ದಾರೆ. ಸೋಪು ಇಟ್ಟಿದ್ದಾರೆ ಅಂದ್ರೆ ಮಂತ್ರಿಗಿಂತ ಕಡಿಮೆ ಯಾರೂ ಅಲ್ಲ."

ಎಂಬತ್ತು ಅಂಗಡಿಯವರೂ ಸೋಪು ನೋಡಲು ಬಂದರು. ಬಂದವರು ಹೊಳೆಯುವ ನೆಲ ಕಂಡು ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಶುಭ್ರವಾದ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗಲು ನಾವೇನು ಕಾಡುಜನರೇ? ಚಪ್ಪಲಿ ಬಿಟ್ಟ ಮೇಲೆ ದನಿಯೂ ತಾನಾಗಿಯೇ ತಗ್ಗಿತು. ಬಂದವರೆಲ್ಲ ಮೆಲ್ಲಗೆ ನಡೆದು, ಬಿಸಿನೀರಲ್ಲಿ ಕೈತೊಳೆದು, ಬಹಳ ಚೆನ್ನಾಗಿದೆ ಎಂದು ಪಿಸುಗುಟ್ಟಿ, ಹೊರಗೆ ಬಂದು ತಮ್ಮದೋ ಬೇರೆಯವರದೋ ಚಪ್ಪಲಿ ಹಾಕಿಕೊಂಡು ಬ್ಯಾಂಕಿಗೆ ಹೋದರು. ಇಂಥ ಜಾಗದಲ್ಲಿ ಕೂರುವ ಧೈರ್ಯ ಯಾರಿಗೂ ಬರಲಿಲ್ಲ.

"ನೋಡೋಕೆ ಬರ್ತಾರೆ, ಹೋಗೋಕೆ ಬರಲ್ಲ!" ಎಂದು ಬುರುಲ್ ಎಜೆ ಕಿಡಿಕಾರಿದಳು. "ನಾನೇನು ವಸ್ತುಸಂಗ್ರಹಾಲಯ ತೊಳೆದೆನಾ?"

ಮುಕಾಶ್ ಮಾತ್ರ ಹಿಗ್ಗಿ ಹೀರೇಕಾಯಿಯಾದ. ಆ ಹಿಗ್ಗು ಭಾನುವಾರ ರಾತ್ರಿ ಊಟದ ತನಕ ಉಳಿಯಿತು. ಅಲ್ಲಿ ಸೊನುನ್ ಒಂದು ಮಾತು ಕೇಳಿದಳು.

"ಚಹಾ ಜೊತೆ ರೊಟ್ಟಿ ಇಡಬೇಕಲ್ಲ?"

"ಇಡದೆ? ರೊಟ್ಟಿ ಇಲ್ಲದ ಚಹಾ ಬೀಗರಿಗೆ ಕೊಡ್ತಾರಾ?"

"ರೊಟ್ಟಿನ ಟಾಯ್ಲೆಟ್ಟಿಗೆ ತಗೊಂಡು ಹೋಗ್ತಾರಾ?"

ಮುಕಾಶನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ರೊಟ್ಟಿಯ ಚೂರು ಬೀದಿಯಲ್ಲಿ ಬಿದ್ದಿದ್ದರೆ ಎತ್ತಿ ಹಣೆಗೊತ್ತಿ ಗೋಡೆಯ ಮೇಲಿಡುವ ಜನ ನಾವು. ರೊಟ್ಟಿ ಇಡದಿದ್ದರೆ ಬೀಗರಿಗೆ ಅವಮಾನ, ಇಟ್ಟರೆ ರೊಟ್ಟಿಗೆ ಅವಮಾನ. ಅತ್ತ ದರಿ, ಇತ್ತ ಪುಲಿ. ಮುಕಾಶ್ ಬಹಳ ಹೊತ್ತು ಯೋಚಿಸಿದ. ಅವನು ಯೋಚಿಸಿದಾಗಲೆಲ್ಲ ಆಗುವುದೇ ಆಯಿತು.

"ತೊಳೆದ ಮೇಲೆ ಯಾರೂ ಹೋಗೇ ಇಲ್ಲ ಅಂದ್ರೆ?" ಎಂದ. "ಆಗ ಅದು ಟಾಯ್ಲೆಟ್ಟೇ ಅಲ್ಲ. ಟೈಲ್ಸ್ ಹಾಕಿದ ಒಂದು ಕೋಣೆ. ಅಲ್ವಾ?"

ಸೊನುನ್ ಉತ್ತರ ಹುಡುಕುವಷ್ಟರಲ್ಲಿ ಅವನು ಉತ್ತರ ಸಿಕ್ಕಿತೆಂದು ಎದ್ದ. ಸೋಮವಾರ ಬೆಳಿಗ್ಗೆ ಎಜೆ ಮತ್ತೊಮ್ಮೆ ಮೇಲಿಂದ ಕೆಳಗೆ ತೊಳೆದೊಡನೆ ಮುಕಾಶ್ ಬಾಗಿಲಿಗೆ ದೊಡ್ಡ ಬೀಗ ಜಡಿದ. ಒಂದು ಸೂಚನೆಯನ್ನೂ ಅಂಟಿಸಿದ, ಚಟ ಬಿಡಲಿಲ್ಲ: 'ಶುಚಿತ್ವದ ಕಾರಣ ಶೌಚಾಲಯ ಗುರುವಾರದವರೆಗೆ ಮುಚ್ಚಿದೆ.'

"ಮುಕಾಶ್, ಇದು ಸರಿಯಲ್ಲ," ಎಂದಳು ಬುರುಲ್ ಎಜೆ.

"ಮೂರೇ ದಿನ ಎಜೆ."

"ಮೂರು ದಿನ ಯಾರ ಕೈಲಿ ಆಗತ್ತೋ?"

ಯಾರ ಕೈಲೂ ಆಗಲಿಲ್ಲ. ಮಂಗಳವಾರ ಬ್ಯಾಂಕಿನವರು ಬಾಗಿಲಲ್ಲಿ ಪಹರೆಯವನನ್ನು ನಿಲ್ಲಿಸಿ, ಖಾತೆ ಇಲ್ಲದವರು ಒಳಬರುವಂತಿಲ್ಲ ಎಂದರು. ಕುರ್ಮಾನ್ ಹೋಗಿ ಖಾತೆ ತೆರೆದು ಬಂದ, ಒಂದೇ ದಿನದಲ್ಲಿ ಐದು ಸಲ ಖಾತೆ ವಿಚಾರಿಸಿದ. ಬುಧವಾರ ಇಡೀ ನೀಲಿ ಪಾರಿವಾಳದಲ್ಲಿ ಯಾರೂ ಚಹಾ ಕುಡಿಯಲಿಲ್ಲ. ಚಹಾ ಇಲ್ಲದೆ ವ್ಯಾಪಾರ ಹೇಗೆ? ಝೈನಪ್ ಒಬ್ಬ ಮದುಮಗಳ ತಾಯಿಗೆ ಚಹಾ ಬೇಕೇ ಎಂದು ಸಹ ಕೇಳಲಿಲ್ಲವೆಂದು ಆಕೆ ಮುನಿಸಿಕೊಂಡು ಹೋದಳು. ಬ್ಯಾಂಕಿನವರು ಆರೋಗ್ಯ ಇಲಾಖೆಗೆ ದೂರು ಬರೆದರು. ಮುಕಾಶನ ಕಣ್ಣಿಗೆ ಗುರುವಾರವೊಂದೇ ಕಾಣುತ್ತಿತ್ತು.

ಗುರುವಾರ ಬಂತು. ಬಾಗಿಲು ತೆರೆದರೆ ಎದುರಿಗೇ ಕೈ ತೊಳೆಯುವ ಹಜಾರ. ಅದರ ಆಚೆ ಗೋಡೆಯಲ್ಲಿ ಎರಡು ಬಾಗಿಲು, ಒಂದರ ಮೇಲೆ ಗಂಡಸರ ಟೋಪಿಯ ಚಿತ್ರ, ಇನ್ನೊಂದರ ಮೇಲೆ ಹೆಂಗಸರ ತಲೆವಸ್ತ್ರದ್ದು. ಹಜಾರದ ತುಂಬ ಸೊನುನ್ ತನ್ನ ತವರಿನ ಕಸೂತಿ ಜಮಖಾನ ಹಾಸಿ, ಅದರ ಮೇಲೆ ಗೋಡೆಯಿಂದ ಗೋಡೆಗೆ ಬಟ್ಟೆ ಹಾಸಿ, ದುಂಡು ರೊಟ್ಟಿಗಳು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೊಕ್, ಏಳು ಬಗೆಯ ಹಣ್ಣಿನ ಪಾಕ, ಕೆನೆ, ನಡುವೆ ಚಹಾ ನೀರು ಕಾಯಿಸುವ ಸಮೋವಾರ್ ಇಟ್ಟಳು. ಆ ಎರಡು ಬಾಗಿಲಿಗೆ ಹೋಗಬೇಕೆಂದರೆ ಬಟ್ಟೆ ದಾಟಿಯೇ ಹೋಗಬೇಕಿತ್ತು. ಅದನ್ನು ಯಾರೂ ಗಮನಿಸಲಿಲ್ಲ.

ಹನ್ನೊಂದು ಗಂಟೆಗೆ ಬೀಗರು ಬಂದರು. ಇಲ್ಲಿ ಒಂದು ಸಂಗತಿ ಓದುಗರಿಗೆ ಹೇಳಲೇಬೇಕು. ಅರವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ದೂಶೆನ್ ಪೇಟೆಗೆ ಹೊರಡುವ ದಿನ ಚಹಾ ಕುಡಿದಿದ್ದರು. ಬೀಗರ ಮಾತಿನ ಮೇಲೆ ಅಷ್ಟು ಭರವಸೆ. ಮನೆಯಲ್ಲಿ ಐದು ಬಟ್ಟಲು, ದಾರಿಯ ಕೊಚ್ಕೊರ್‌ನಲ್ಲಿ ಮೂರು. ಜೊತೆಗಿದ್ದ ಆರು ಮಂದಿಯೂ ಹಾಗೇ. ದಾರಿಯಲ್ಲಿ ಯಾರೋ ಗಾಡಿ ನಿಲ್ಲಿಸಿ ಎಂದಾಗ, "ಬೀಗರ ಹತ್ತಿರ ಅರಮನೆಯಂಥದ್ದಿದೆ, ತಡ್ಕೊಳ್ಳಿ," ಎಂದು ಗದರಿದ್ದರು. ಐದು ಗಂಟೆ ತಡೆದುಕೊಂಡು ಬಂದಿದ್ದರು.

ಮೆಟ್ಟಿಲುಗಳನ್ನು ಅವರು ಸ್ವಲ್ಪ ಅವಸರದಿಂದಲೇ ಹತ್ತಿದರು. ಚಪ್ಪಲಿ ಬಿಟ್ಟರು. ಬಟ್ಟೆ ಕಂಡು ನಿಂತರು.

"ಬೀಗರೇ, ಮೊದಲು..." ಎಂದರು ದೂಶೆನ್.

"ಮೊದಲು ಚಹಾ!" ಎಂದ ಮುಕಾಶ್.

ಮುಂದಿಟ್ಟ ರೊಟ್ಟಿಯನ್ನು ಮುರಿಯದೆ ಹೋಗುವುದು ಪಾಪ. ಹಾಸಿದ ಬಟ್ಟೆಯನ್ನು ದಾಟುವುದು ಅದಕ್ಕಿಂತ ಪಾಪ. ದೂಶೆನ್ ಇಡೀ ಜೀವಮಾನದಲ್ಲಿ ಇವೆರಡನ್ನೂ ಮಾಡಿದವರಲ್ಲ. ಅವರು ಬಹಳ ಎಚ್ಚರದಿಂದ ಕುಳಿತರು. ಉಳಿದ ಆರು ಜನ ಅಷ್ಟೇ ಎಚ್ಚರದಿಂದ ಕುಳಿತರು. ಏಳು ಜೋಡಿ ಕಣ್ಣುಗಳು ಎದುರಿನ ಎರಡು ಬಾಗಿಲುಗಳಲ್ಲಿ ನೆಟ್ಟವು.

ಸೊನುನ್ ಚಹಾ ಸುರಿದಳು. ನಮ್ಮಲ್ಲಿ ಬಟ್ಟಲು ತುಂಬ ಸುರಿದರೆ 'ಕುಡಿದು ಹೊರಡಿ' ಎಂದಂತೆ. ಗೌರವವಿದ್ದಷ್ಟೂ ಕಡಿಮೆ ಸುರಿದು, ಮತ್ತೆ ಮತ್ತೆ ಸುರಿಯಬೇಕು. ಸೊನುನ್‌ಗೆ ಬೀಗರ ಮೇಲೆ ಅಪಾರ ಗೌರವವಿತ್ತು. ಎರಡು ಗುಟುಕು ಸುರಿಯುತ್ತಿದ್ದಳು, ಅವರು ಕುಡಿಯುತ್ತಿದ್ದರು, ಮತ್ತೆ ಸುರಿಯುತ್ತಿದ್ದಳು. ಆರನೇ ಸುತ್ತಿಗೆ ದೂಶೆನ್‌ರ ಹಣೆಯ ಮೇಲೆ ಬೆವರು ಮೂಡಿತು. ಅವರ ತಮ್ಮ ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದ. ಬೀಗಿತ್ತಿ ತುಟಿ ಕಚ್ಚಿ ಛಾವಣಿ ನೋಡುತ್ತಿದ್ದಳು.

"ಕೋಪ ಬಂದಿದೆ," ಎಂದು ಮುಕಾಶ್ ಹೆಂಡತಿಯ ಕಿವಿಯಲ್ಲಿ ಉಸುರಿದ. "ಮುಖ ನೋಡು, ಹೇಗೆ ಬಿಗಿದುಕೊಂಡಿದ್ದಾರೆ. ಚಹಾ ಸಾಲಲಿಲ್ಲ ಅನ್ಸತ್ತೆ. ಸುರಿ, ಸುರಿ!"

ಸುರಿದಳು. ಆದರೂ ಬೀಗರ ಮುಖ ಸಡಿಲವಾಗಲಿಲ್ಲ. ಓಲೆ ಹಿಂದಕ್ಕೆ ಹೋಗುವುದು ಖಂಡಿತ ಎಂದುಕೊಂಡ ಮುಕಾಶ್ ಕೊನೆಯ ಅಸ್ತ್ರ ತೆಗೆದ. ಎದ್ದು ಹೋಗಿ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತಿರುಗಿಸಿದ. ನೀರು ಧೋ ಎಂದು ಸುರಿಯಿತು.

"ಕೇಳಿ ಬೀಗರೇ! ಎಂಥ ರಭಸ!"

ದೂಶೆನ್ ನರಳಿದರು.

"ಇನ್ನೊಂದು ನಲ್ಲಿಯೂ ಇದೆ!" ಎಂದು ಮುಕಾಶ್ ಅದನ್ನೂ ತಿರುಗಿಸಿದ.

ಅದೇ ಗಳಿಗೆಯಲ್ಲಿ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ರಕಿಯಾ ಮಮಾತೊವ್ನಾ ಕೈಯಲ್ಲಿ ಫಾರಂ ಹಿಡಿದು ಬಾಗಿಲಲ್ಲಿ ನಿಂತಳು. ಇಪ್ಪತ್ತು ವರ್ಷದ ಸೇವೆಯಲ್ಲಿ ಅವಳು ಅಡುಗೆಮನೆಯಲ್ಲಿ ಕುರಿಯನ್ನೂ ಔಷಧಿ ಅಂಗಡಿಯಲ್ಲಿ ಕೋಳಿಯನ್ನೂ ನೋಡಿದ್ದಳು. ಇದನ್ನು ನೋಡಿರಲಿಲ್ಲ.

"ಇದು ಶೌಚಾಲಯವಾದರೆ ಆಹಾರ ಯಾಕಿದೆ?" ಎಂದು ಕೇಳಿದಳು. "ಊಟದ ಜಾಗವಾದರೆ ಕಮೋಡು ಯಾಕಿದೆ?"

"ಎರಡಕ್ಕೂ ಉತ್ತರ ಒಂದೇ ಮೇಡಂ," ಎಂದ ಮುಕಾಶ್. "ಬೀಗರು."

ಅವಳು ಇನ್ನೇನೋ ಹೇಳುವವಳಿದ್ದಳು. ಅಷ್ಟರಲ್ಲಿ ಸೊನುನ್ ರೊಟ್ಟಿಯ ತಟ್ಟೆಯನ್ನು ಮುಂದೆ ಹಿಡಿದಳು. ಇನ್ಸ್‌ಪೆಕ್ಟರ್ ಆದರೇನು, ತಾಯಿ ಸಾಕಿದ ಮಗಳಲ್ಲವೇ? ರೊಟ್ಟಿ ಮುರಿದಳು, ಚಪ್ಪಲಿ ಬಿಟ್ಟಳು, ಕುಳಿತಳು. ಅವಳಿಗೂ ಎರಡು ಗುಟುಕು ಚಹಾ ಬಂತು. ಫಾರಂನಲ್ಲಿ ಯಾವ ಅಂಕಣ ತುಂಬಬೇಕೆಂದು ತೋಚದೆ ಪೆನ್ನು ಕಚ್ಚುತ್ತ ಕೂತಳು.

ಚಹಾ ಮುಗಿಯಬೇಕಾದರೆ ಹಿರಿಯರು ಅಂಗೈ ಎತ್ತಿ ಹರಸಬೇಕು, ಆಗಲೇ ಬಟ್ಟೆ ಎತ್ತಬಹುದು. ಹಿರಿಯರು ದೂಶೆನ್. ಆದರೆ ಅವರು ಕೈಯೆತ್ತುವ ಸ್ಥಿತಿಯಲ್ಲಿರಲಿಲ್ಲ. ಒಂದು ಬೆರಳು ಅಲುಗಿದರೂ ಏನಾಗುವುದೋ ಎಂಬ ಭಯ ಅವರ ಮುಖದ ಮೇಲೆ ಬರೆದಂತಿತ್ತು.

ಆ ಬರಹವನ್ನು ಓದಿದವಳು ಬುರುಲ್ ಎಜೆ. ಹೊರಗೆ ಅಂಗಡಿಯವರ ಗುಂಪಿನಲ್ಲಿ ನಿಂತಿದ್ದವಳು ಬಕೆಟ್ಟು ಕೆಳಗಿಟ್ಟು ಒಳಗೆ ಬಂದಳು.

"ಮುಕಾಶ್, ನಲ್ಲಿ ನಿಲ್ಲಿಸು, ಕತ್ತೆ! ಈ ಮುಖ ನಂಗೆ ಗೊತ್ತು. ಹೆರಿಗೆ ಆಸ್ಪತ್ರೇಲಿ ಮೂವತ್ತು ವರ್ಷ ನೋಡಿದೀನಿ. ಕೋಪ ಅಲ್ಲ ಇದು. ಇವರಿಗೆಲ್ಲ ಸಮಯ ಆಗಿದೆ!" ದೂಶೆನ್ ಕಡೆ ತಿರುಗಿ, "ನಿಮಗೆಷ್ಟು ವಯಸ್ಸು ಅಣ್ಣಾ?" ಎಂದಳು.

"ಅರವತ್ತೇಳು," ಎಂದರು ದೂಶೆನ್, ಹಲ್ಲು ಕಚ್ಚಿಕೊಂಡೇ.

"ನಂಗೆ ಅರವತ್ತೆಂಟು. ಇಲ್ಲಿ ನಾನೇ ಹಿರಿಯಳು." ಎರಡೂ ಅಂಗೈ ಎತ್ತಿದಳು. "ಬಂದವರ ಭಾರ ಇಳಿಯಲಿ, ಹೋಗುವವರ ದಾರಿ ತೆರೆಯಲಿ. ಓಮಿನ್!"

ತೊಕ್ಮೊಕ್ ಪಟ್ಟಣದ ಇತಿಹಾಸದಲ್ಲಿ ಇಷ್ಟು ಚಿಕ್ಕ ಹರಕೆಯೂ ಇಷ್ಟು ಬೇಗ ಫಲಿಸಿದ ಹರಕೆಯೂ ಇನ್ನೊಂದಿಲ್ಲ. ಮುಕಾಶ್ ರೊಟ್ಟಿಗಳನ್ನು ತಲೆಯ ಮೇಲೆ ಹೊತ್ತು ಹೊರಗೋಡಿದ. ಸೊನುನ್ ಬಟ್ಟೆಯನ್ನು ನಾಲ್ಕೂ ಮೂಲೆ ಹಿಡಿದೆತ್ತಿದಳು. ಬೀಗರು ವಯಸ್ಸಿನ ಹಂಗಿಲ್ಲದೆ ಜಿಗಿದರು. ಅವರ ಹಿಂದೆ ಕುರ್ಮಾನ್, ಝೈನಪ್, ಎಂಬತ್ತು ಅಂಗಡಿ. ಇನ್ಸ್‌ಪೆಕ್ಟರ್ ಫಾರಂ ಬದಿಗಿಟ್ಟು ತಾನೂ ಸಾಲಿನಲ್ಲಿ ನಿಂತಳು. ಅವಳೂ ಬೆಳಿಗ್ಗೆಯಿಂದ ಆರು ಕಟ್ಟಡ ತಪಾಸಣೆ ಮಾಡಿದ್ದಳು. ಆರರಲ್ಲಿ ಒಂದರ ಶೌಚಾಲಯಕ್ಕೂ ಹೋಗುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಮುಕಾಶ್ ಓಣಿಯಲ್ಲಿ ತಲೆಯ ಮೇಲೆ ರೊಟ್ಟಿ ಹೊತ್ತೇ ನಿಂತಿದ್ದ. ಮಗಳು ಅವನ ಪಕ್ಕ ಬಂದು ನಿಂತಳು. ಅವಳ ಕೈ ಮತ್ತೆ ಓಲೆಯ ಮೇಲಿತ್ತು. ಅದನ್ನು ನೋಡಿ ಮುಕಾಶನಿಗೆ ನಿಜವಾಗಿಯೂ ಅಳು ಬಂತು.

ಬಹಳ ಹೊತ್ತಿನ ಮೇಲೆ ಟೋಪಿಯ ಬಾಗಿಲು ತೆರೆದು ದೂಶೆನ್ ಹೊರಬಂದರು. ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ಅವಸರವಿಲ್ಲದೆ ಸೋಪು ಹಚ್ಚಿ ಬೆರಳ ಸಂದಿಯೆಲ್ಲ ತೊಳೆದರು. ಒದ್ದೆ ಕೈ ಕೊಡವಿದರೆ ಅಪಶಕುನ, ಅದಕ್ಕೇ ಕೈಗಳನ್ನು ಹಾಗೇ ಎತ್ತಿ ಹಿಡಿದು ನಿಂತರು. ಬುರುಲ್ ಎಜೆ ಮಡಿಸಿದ ಬಿಳಿ ಟವೆಲು ಕೊಟ್ಟಳು. ಕೈ ಒರೆಸಿಕೊಂಡು, ನಲ್ಲಿಯ ಹಿಂಭಾಗಕ್ಕೆ, ಯಾರೂ ನೋಡದ ಜಾಗಕ್ಕೆ ಬೆರಳು ಸವರಿ ಬೆರಳು ನೋಡಿದರು. ಆಮೇಲೆ ಓಣಿಗೆ ಬಂದರು.

"ಮುಕಾಶ್, ನೀನು ಸುಳ್ಳು ಹೇಳಿದೆ."

ಮುಕಾಶ್ ತಲೆಯ ಮೇಲಿನ ರೊಟ್ಟಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಅಲ್ಲಿ ಚಹಾ ಕುಡಿಯೋಕಾಗಲ್ಲ. ನನ್ನ ಶತ್ರುವಿಗೂ ಬೇಡ ಅಂಥ ಚಹಾ. ಆದ್ರೆ ಇಂಥದ್ದೊಂದು ಪೇಟೇಲಿ ಇದೆ ಅಂತ ಗೊತ್ತಿದ್ರೆ ಬೇರೆ ಎಲ್ಲಿ ಬೇಕಾದ್ರೂ ಕೂತು, ಹೊಟ್ಟೆ ತುಂಬ, ಹೆದರಿಕೆ ಇಲ್ಲದೆ ಚಹಾ ಕುಡೀಬಹುದು. ಐವತ್ತು ವರ್ಷದಿಂದ ಈ ಪೇಟೆಗೆ ಬಾಯಾರಿಕೊಂಡೇ ಬಂದು ಹೋಗಿದೀನಿ ಕಣೋ." ಅವರು ಬಾಗಿಲ ಕಡೆ ಕೈ ತೋರಿಸಿದರು. "ಇದನ್ನ ಹೀಗೆ ಇಟ್ಟಿರೋರು ಯಾರು?"

ಮುಕಾಶನ ಬಾಯಿ 'ನಾನೇ ಖುದ್ದು' ಎಂದು ತೆರೆದುಕೊಂಡಿತು. ರೊಟ್ಟಿಯ ಭಾರಕ್ಕೋ ಏನೋ, ಮೊದಲ ಬಾರಿಗೆ ಅದು ಅವನ ಮಾತು ಕೇಳಿತು.

"ಬುರುಲ್ ಎಜೆ," ಎಂದ. "ನಾನು ಬರೀ ಕಾಗದ ಅಂಟಿಸಿದ್ದು. ಗಾಳಿಕಿಂಡೀನೂ ನಾನೇ ಮುಚ್ಚಿದ್ದು. ಮೂರು ದಿನದಿಂದ ಬೀಗ ಹಾಕಿದ್ದೂ ನಾನೇ."

ದೂಶೆನ್ ನಕ್ಕರು. ಗಡ್ಡ ಅಲುಗುವಂತೆ ನಕ್ಕರು. ಬೀಗಿತ್ತಿಯೂ ನಕ್ಕಳು. ಬೆಗಾಯಿಮ್‌ಳ ಕೈ ಕಿವಿಯಿಂದ ಕೆಳಗಿಳಿಯಿತು.

ಓಣಿಯಲ್ಲೇ, ಕೆಟ್ಟ ಲಿಫ್ಟಿನ ಮುಂದೆ, ಮತ್ತೆ ಬಟ್ಟೆ ಹಾಸಿದರು. ಎಂಬತ್ತು ಅಂಗಡಿಗಳಿಂದ ಬಟ್ಟಲುಗಳು ಬಂದವು. ದೂಶೆನ್ ಗೌರವದ ಜಾಗಕ್ಕೆ ಹೋಗಿ ಸೊನುನ್ ಮನೆಯಿಂದ ತಂದಿದ್ದ ಐದೂ ದಿಂಬುಗಳನ್ನು ತಟ್ಟಿ ಸರಿಮಾಡಿ, ಬುರುಲ್ ಎಜೆಯನ್ನು ಅಲ್ಲಿ ಕೂರಿಸಿ, ತಾವು ಪಕ್ಕದಲ್ಲಿ ಕೂತರು. ಮದುವೆಗೆ ಹರಸಬೇಕೆಂದು ಅವಳನ್ನೇ ಕೇಳಿಕೊಂಡರು. ಈ ಸಲ ಅವಳು ಉದ್ದಕ್ಕೆ, ಸಾವಕಾಶವಾಗಿ ಹರಸಿದಳು. ಇನ್ಸ್‌ಪೆಕ್ಟರ್ ಎಲ್ಲ ಅಂಕಣಗಳಿಗೂ ಅಡ್ಡಗೆರೆ ಎಳೆದು 'ತೃಪ್ತಿಕರ' ಎಂದು ಬರೆದು ನಾಲ್ಕು ಬೋರ್ಸೊಕ್ ಕೈಚೀಲಕ್ಕೆ ಹಾಕಿಕೊಂಡಳು.

ಎರಡು ಬಟ್ಟಲು ಕುಡಿದ ಎಜೆ ಎದ್ದಳು. "ಇಷ್ಟು ಜನ ಹೋಗಿ ಬಂದ್ರು. ಒರೆಸೋರ್ಯಾರು?"

"ನೀವು ಕೂತ್ಕೊಳ್ಳಿ," ಎಂದರು ದೂಶೆನ್. "ಕಮಾಂಡೆಂಟ್ ಹೋಗ್ತಾರೆ."

ಮುಕಾಶ್ ಹೋದ. ಹೋದವನು ಬಾಗಿಲಿನಿಂದ ತಲೆ ಹೊರಗೆ ಹಾಕಿದ. "ಎಜೆ, ನೆಲಕ್ಕೆ ಕೆಂಪೋ ನೀಲಿಯೋ?"

"ನೀಲಿ! ಅದಲುಬದಲು ಮಾಡಿದ್ರೆ ಮದುವೆ ಇಲ್ಲ ನೋಡು!"

ಅವನು ಒರೆಸಿ, ಕೈತೊಳೆದು, ಪ್ಯಾಂಟಿನ ಕಾಲು ಮಡಿಸಿಕೊಂಡೇ ಬಂದು ಕುಳಿತಾಗ ಬೀಗರು ಹನ್ನೆರಡನೇ ಬಟ್ಟಲಿನಲ್ಲಿದ್ದರು. ಮುಖ ಕೆಂಪೇರಿತ್ತು, ಮನಸ್ಸು ತುಂಬಿತ್ತು. ಹೀಗೆ ಹೊಟ್ಟೆ ತುಂಬಿದಾಗ ಕಾವಲು ಬೇಕಾದ ನಾಲಿಗೆ ಮುಕಾಶನದೊಂದೇ ಅಲ್ಲವೆಂದು ಕಾಣುತ್ತದೆ.

"ನೀವು ನಮ್ಮ ಕುದುರೆ ಲಾಯ ನೋಡಿಲ್ಲ ಬೀಗರೇ," ಎಂದರು ದೂಶೆನ್. "ಹಾಸಿಗೆ ಹಾಸಿ ಮಲಗಬಹುದು ಅಲ್ಲಿ! ಬಂಧುಬಳಗ ಎಲ್ಲ ಕರ್ಕೊಂಡು ಬಂದು ಮಲಗಬಹುದು!"

ಮುಕಾಶನ ಬಾಯಿ ಅರಳಿತು. ಎರಡೂ ಕೈಗಳು ತಾವಾಗಿಯೇ ಮೇಲೇಳತೊಡಗಿದವು.

ಸೊನುನ್ ಚಹಾ ಕುಡಿಕೆಯನ್ನು ಕೆಳಗಿಟ್ಟು ಗಂಡನ ಎರಡೂ ಮಣಿಕಟ್ಟುಗಳನ್ನು ಗಟ್ಟಿಯಾಗಿ ಹಿಡಿದಳು. ಬೀಗರ ಗಾಡಿ ಬೀದಿಯ ತಿರುವು ದಾಟುವ ತನಕ ಬಿಡಲಿಲ್ಲ.